ಕೈಯಲ್ಲಿ ಕಲೆ ಇಲ್ಲ ಅನ್ನುವ ಮೊದಲು ಕಾಗದ ನೋಡಿ

ಹೊಸದಾಗಿ ಜಲವರ್ಣಕ್ಕೆ ಕೈಹಾಕಿದವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಯಾವ ಕಂಪನಿಯ ಬಣ್ಣ ತಗೊಳ್ಳಲಿ?" ಸ್ವಲ್ಪ ದಿನ ಕಳೆದ ಮೇಲೆ ಎರಡನೆಯದು: "ನನ್ನ ಬಣ್ಣ ಯಾಕೆ ಕೆಸರು ಕೆಸರಾಗುತ್ತೆ?" ಮೂರನೆಯದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ: "ನನ್ನ ಕೈಯಲ್ಲಿ ಕಲೆಯೇ ಇಲ್ಲವೇನೋ?" ಇದಕ್ಕೆ "ಅಭ್ಯಾಸ ಮಾಡಿ, ತಾನಾಗಿ ಬರುತ್ತೆ" ಅಂದುಬಿಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಕಲಿಯುವವರಿಗೆ ಬೇಕಾಗಿರುವುದು ಏನು ಕೆಟ್ಟಿತು, ಯಾಕೆ ಕೆಟ್ಟಿತು ಎನ್ನುವ ಉತ್ತರ. ಬಣ್ಣದ ಬಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಬಹಳ ಸಲ ಬಣ್ಣದಲ್ಲಿ ಇರುವುದಿಲ್ಲ. ಕಾಗದದಲ್ಲಿ, ನೀರಿನಲ್ಲಿ, ಬೆಳಕು-ನೆರಳಿನಲ್ಲಿ ಇರುತ್ತದೆ.

ಕಾಗದದಿಂದ ಶುರು ಮಾಡೋಣ. ಶಾಲೆಯ ಡ್ರಾಯಿಂಗ್ ಬುಕ್ಕು, ಸ್ಟೇಷನರಿ ಅಂಗಡಿಯ ಕಾರ್ಟ್ರಿಡ್ಜ್ ಶೀಟು ಪೆನ್ಸಿಲ್ಲಿಗೆ ಸರಿ. ನೀರು ಬಿದ್ದ ಕೂಡಲೇ ಅವು ಉಬ್ಬುತ್ತವೆ, ತಗ್ಗಿನಲ್ಲಿ ಬಣ್ಣ ಮಡುಗಟ್ಟುತ್ತದೆ, ಎರಡು ಮೂರು ಸಲ ಬ್ರಷ್ ಆಡಿಸಿದರೆ ಮೇಲ್ಮೈ ಕಿತ್ತು ನಾರು ಏಳುತ್ತದೆ. ಜಲವರ್ಣಕ್ಕೆ ಬೇಕಾದದ್ದು 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಕೋಲ್ಡ್ ಪ್ರೆಸ್ ಅಂದರೆ ಸ್ವಲ್ಪ ತರಿತರಿ ಮೇಲ್ಮೈಯ, ಸಾಧ್ಯವಾದರೆ ಪೂರ್ತಿ ಹತ್ತಿಯ ಕಾಗದ. ಬೆಲೆ ಜಾಸ್ತಿ, ನಿಜ. ಅದಕ್ಕೇ 24 ಬಣ್ಣದ ಡಬ್ಬಿಗೆ ಹಾಕುವ ದುಡ್ಡನ್ನು ಇಲ್ಲಿ ಹಾಕಿ. 22×30 ಇಂಚಿನ ಒಂದು ಶೀಟನ್ನು ಎಂಟು ಮಾಡಿದರೆ 7.5×11 ಇಂಚಿನ ತುಂಡುಗಳು ಸಿಗುತ್ತವೆ, ಎರಡೂ ಬದಿ ಬಳಸಬಹುದು. ಕಾಗದಕ್ಕೆ ಸೈಜಿಂಗ್ ಅಂತ ಜೆಲಟಿನ್ ಅಥವಾ ಅಂಥದೇ ಅಂಟಿನ ಲೇಪ ಇರುತ್ತದೆ. ನೀರು ತಕ್ಷಣ ಇಂಗದೆ ಮೇಲೆ ಸ್ವಲ್ಪ ಹೊತ್ತು ನಿಲ್ಲುವುದು ಅದರಿಂದಲೇ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೇವ ಹಿಡಿದು ಲೇಪ ಹಾಳಾದ ಕಾಗದದಲ್ಲಿ ಬಣ್ಣ ಅಲ್ಲಲ್ಲಿ ಶಾಯಿ ಹೀರಿದಂತೆ ಕಲೆಕಲೆಯಾಗಿ ಇಂಗುತ್ತದೆ. ಆಗ ಎಂಥ ನುರಿತ ಕೈಯೂ ಏನೂ ಮಾಡಲಾಗದು.

ಬಣ್ಣಕ್ಕೆ ಆರು ಟ್ಯೂಬು ಸಾಕು: ಲೆಮನ್ ಯೆಲ್ಲೋ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಪರ್ಮನೆಂಟ್ ರೋಸ್ (ಗುಲಾಬಿ), ಅಲ್ಟ್ರಾಮರೀನ್ (ನೀಲಿ), ಥ್ಯಾಲೋ ಬ್ಲೂ, ಬರ್ಂಟ್ ಸಿಯೆನ್ನಾ (ಕೆಂಗಂದು). ಕೊಳ್ಳುವಾಗ ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಿ, ಒಳಗಿರುವ ವರ್ಣದ್ರವ್ಯದ (ಪಿಗ್ಮೆಂಟಿನ) ಸಂಕೇತ ಅಲ್ಲಿರುತ್ತದೆ. ಪಿಬಿ 29 ಅಂದರೆ ಅಲ್ಟ್ರಾಮರೀನ್, ಪಿವಿ 19 ಅಂದರೆ ಪರ್ಮನೆಂಟ್ ರೋಸ್. ಒಂದೇ ವರ್ಣದ್ರವ್ಯದ ಸಂಕೇತ ಇದ್ದರೆ ಬೆರೆಸಿದಾಗ ಸ್ವಚ್ಛವಾಗಿ ಬರುತ್ತದೆ. ಮೂರು ಸಂಕೇತ ಇರುವ ಎರಡು ಬಣ್ಣ ಕೂಡಿಸಿದರೆ ಪ್ಯಾಲೆಟ್ಟಿನಲ್ಲಿ ಆರು ವರ್ಣದ್ರವ್ಯ ಸೇರಿಕೊಂಡವು ಅಂತ ಲೆಕ್ಕ. ಕೆಸರಿನ ಮೊದಲ ಕಾರಣ ಅದು.

ಎರಡನೆಯ ಕಾರಣವನ್ನು ಕೈಯಾರೆ ಮಾಡಿ ನೋಡಬಹುದು. ನೇರಳೆ ಬೇಕು ಅಂತ ಅಲ್ಟ್ರಾಮರೀನಿಗೆ ವರ್ಮಿಲಿಯನ್ ಕೆಂಪು ಹಾಕಿ. ಬದನೆಕಾಯಿಯ ಬಣ್ಣ ಬರುವ ಬದಲು ಒಂದು ಬಗೆಯ ಕಂದು ಬರುತ್ತದೆ. ವರ್ಮಿಲಿಯನ್ನು ಹಳದಿಯ ಕಡೆಗೆ ವಾಲಿದ ಕೆಂಪು; ಹಳದಿಯೂ ನೇರಳೆಯೂ ಒಂದನ್ನೊಂದು ಕೊಲ್ಲುತ್ತವೆ. ಅದೇ ನೀಲಿಗೆ ಪರ್ಮನೆಂಟ್ ರೋಸ್ ಹಾಕಿದರೆ ನೇರಳೆ ಹೊಳೆಯುತ್ತದೆ. ಹಾಗೆಂದು ಮಂಕು ಬಣ್ಣ ಬೇಡವೇ ಬೇಡ ಅಂತಲ್ಲ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಸೇರಿದರೆ ಬರುವ ಬೂದು ಮುಂಗಾರಿನ ಮೋಡಕ್ಕೆ, ಹಳೆಯ ಗೋಡೆಯ ನೆರಳಿಗೆ ಹೇಳಿ ಮಾಡಿಸಿದ್ದು. ನೀಲಿ ಒಂದು ಹನಿ ಹೆಚ್ಚಾದರೆ ತಂಪು ಬೂದು, ಕಂದು ಹೆಚ್ಚಾದರೆ ಬೆಚ್ಚನೆಯದು. ಕಪ್ಪು ಟ್ಯೂಬು ಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಹಳದಿಗೆ ಕಪ್ಪು ಹಾಕಿದರೆ ಹಸಿರು ಯಾಕೆ ಬರುತ್ತೆ ಅಂತ ಕೇಳುವವರಿದ್ದಾರೆ. ಕಪ್ಪು ತೆಳುವಾದಾಗ ನೀಲಿಯಂತೆ ವರ್ತಿಸುತ್ತದೆ, ಅದಕ್ಕೆ. ಹಾಗಾಗಿ ಮಾವಿನಹಣ್ಣಿನ ನೆರಳಿಗೆ ಕಪ್ಪಿನ ಬದಲು ಓಕರ್, ಅದರ ಮೇಲೆ ಬರ್ಂಟ್ ಸಿಯೆನ್ನಾ ಬಳಸಿ.

ಮೂರನೆಯ ಕಾರಣ ಅವಸರ. ಹೊಸಬರ ಚಿತ್ರಗಳು ಅತಿ ಹೆಚ್ಚು ಕೆಡುವುದು ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಾಶ್, ಅಂದರೆ ನೀರು ಹೆಚ್ಚಿರುವ ಬಣ್ಣದ ತೆಳು ಪದರ, ಹಾಕಿದ ಮೇಲೆ ಕಾಗದವನ್ನು ಓರೆಯಾಗಿ, ಬೆಳಕಿಗೆ ಎದುರಾಗಿ ನೋಡಿ. ಮೊದಲು ನೀರು ಕನ್ನಡಿಯಂತೆ ಹೊಳೆಯುತ್ತಿರುತ್ತದೆ; ಈಗ ಬಿಟ್ಟ ಬಣ್ಣ ದೂರದವರೆಗೆ ಹರಡುತ್ತದೆ, ಮೋಡಕ್ಕೆ ಚೆನ್ನ. ಆಮೇಲೆ ಹೊಳಪು ಇಳಿದು ರೇಷ್ಮೆಯ ಮಿನುಗಿನಷ್ಟು ಉಳಿಯುತ್ತದೆ. ಈಗ ಗಟ್ಟಿ ಬಣ್ಣ, ಕಡಿಮೆ ನೀರಿನ ಬ್ರಷ್ ಇಟ್ಟರೆ ಮಂಜಿನಾಚೆಯ ಮರಗಳಂಥ ಮೃದು ಅಂಚು ಸಿಗುತ್ತದೆ. ಮೂರನೆಯ ಹಂತದಲ್ಲಿ ಹೊಳಪು ಹೋಗಿರುತ್ತದೆ, ಆದರೆ ಬೆರಳ ಹಿಂಬದಿ ತಾಗಿಸಿದರೆ ತಣ್ಣಗಿರುತ್ತದೆ. ಈಗ ಮುಟ್ಟಲೇಬೇಡಿ. ಒದ್ದೆ ಬ್ರಷ್ಷಿನ ನೀರು ಆಗಷ್ಟೇ ಕೂರುತ್ತಿರುವ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ, ಅಂಚಿನಲ್ಲಿ ಹೂಕೋಸಿನಂಥ ಗುರುತು ಬಿಡುತ್ತದೆ. ಅದನ್ನು ಸರಿಮಾಡಲು ಮತ್ತೆ ಉಜ್ಜಿದರೆ ಕೆಳಗಿನ ಪದರ ಎದ್ದು ಕೆಸರು. ಪೂರ್ತಿ ಒಣಗಿ, ಸುತ್ತಲಿನ ಗಾಳಿಯಷ್ಟೇ ಬೆಚ್ಚಗಾದ ಮೇಲೆ ಎರಡನೆಯ ಪದರ. ಜುಲೈ ತಿಂಗಳ ಮಡಿಕೇರಿಯಲ್ಲಿ ಇದಕ್ಕೆ ಬಹಳ ಹೊತ್ತು ಕಾಯಬೇಕು, ಏಪ್ರಿಲ್ಲಿನ ರಾಯಚೂರಿನಲ್ಲಿ ವಾಶ್ ಮುಗಿಸುವ ಮೊದಲೇ ಮೇಲ್ತುದಿ ಒಣಗಿರುತ್ತದೆ. ಅಲ್ಲಿಯವರು ಹಾಕುವ ಮೊದಲು ಕಾಗದವನ್ನು ಒಮ್ಮೆ ಒದ್ದೆ ಮಾಡಿಕೊಳ್ಳಲಿ. ಯಾರೋ ಬೇರೆ ಹವೆಯಲ್ಲಿ ಮಾಡಿದ ವಿಡಿಯೋದ "ಎರಡು ನಿಮಿಷ ಬಿಡಿ" ನಿಮ್ಮ ಮನೆಗೆ ಅನ್ವಯಿಸುವುದಿಲ್ಲ.

ಸಪಾಟು ವಾಶ್ ಹಾಕುವ ಕ್ರಮವೂ ಕಷ್ಟದ್ದಲ್ಲ. ಬೋರ್ಡಿನ ಮೇಲ್ತುದಿಯ ಕೆಳಗೆ ಎರಡು ಪುಸ್ತಕ ಇಟ್ಟು ಓರೆ ಮಾಡಿ. ಬೇಕಾದ್ದಕ್ಕಿಂತ ಎರಡರಷ್ಟು ಬಣ್ಣ ಮೊದಲೇ ಕಲಸಿ, ನಡುವೆ ಮುಗಿದರೆ ಅದೇ ಛಾಯೆ ಮತ್ತೆ ಸಿಗದು. 10ನೇ ನಂಬರಿನ ದುಂಡು ಬ್ರಷ್ ಅಥವಾ ಒಂದಿಂಚಿನ ಚಪ್ಪಟೆ ಬ್ರಷ್ ತುಂಬಿಕೊಂಡು ಒಂದು ಗೆರೆ ಎಳೆಯಿರಿ. ಕೆಳಗಂಚಿನಲ್ಲಿ ನೀರಿನ ಮಣಿ ನಿಲ್ಲಬೇಕು. ಮುಂದಿನ ಗೆರೆ ಆ ಮಣಿಯನ್ನು ತಾಗಿಸಿ ಎಳೆಯಬೇಕು. ಹಿಂದಕ್ಕೆ ಹೋಗಬಾರದು. ಕೊನೆಯ ಮಣಿಯನ್ನು ಹಿಂಡಿದ ಬ್ರಷ್ಷಿನಿಂದ ಎತ್ತಿಬಿಡಿ. ನೀರಿಗೆ ಎರಡು ಲೋಟ ಇರಲಿ, ಒಂದು ತೊಳೆಯಲು, ಇನ್ನೊಂದು ಬಣ್ಣ ಕಲಸಲು.

ಇಷ್ಟಾದರೂ ಚಿತ್ರ ಸಪ್ಪೆ ಅನ್ನಿಸಿದರೆ ತೊಂದರೆ ಛಾಯೆಯದ್ದು, ಅಂದರೆ ತಿಳಿ-ಗಾಢದ ವ್ಯತ್ಯಾಸದ್ದು. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಹೊಸಬರು ಗಾಢ ಬಣ್ಣಕ್ಕೆ ಹೆದರುತ್ತಾರೆ. ಎರಡೂ ಸೇರಿ ಇಡೀ ಚಿತ್ರ ನಡುಛಾಯೆಯಲ್ಲೇ ನಿಂತುಬಿಡುತ್ತದೆ. ಚಿತ್ರದ ಫೋಟೋ ತೆಗೆದು ಫೋನಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಎಲ್ಲವೂ ಒಂದೇ ಬೂದಾಗಿ ಕಂಡರೆ ಕಾರಣ ಸಿಕ್ಕಿತು. ಬರ್ಂಟ್ ಸಿಯೆನ್ನಾಕ್ಕೆ ಅಲ್ಟ್ರಾಮರೀನ್ ಬೆರೆಸಿದ ಗಾಢ ಮಿಶ್ರಣದಿಂದ ಕಾಗದದ ಬಿಳಿಯವರೆಗೆ ಐದು ಚೌಕ ಹಾಕುವ ಅಭ್ಯಾಸ ಮಾಡಿ, ಆಮೇಲೆ ಎದುರಿಗಿನ ವಸ್ತುವನ್ನು ಕಣ್ಣು ಕಿರಿದು ಮಾಡಿ ನೋಡಿ, ಯಾವ ಭಾಗ ಯಾವ ಚೌಕಕ್ಕೆ ಸೇರುತ್ತದೆ ಅಂತ ಗುರುತಿಸಿ.

"ಗ್ಯಾಲರಿಗೆ ಹೋದರೆ ಚಿತ್ರ ನೋಡುವುದು ಹೇಗೆ?" ಎನ್ನುವ ಪ್ರಶ್ನೆಗೂ ನನ್ನ ಉತ್ತರ ಇಲ್ಲಿಂದಲೇ ಶುರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕೈಯಲ್ಲಿ ದೀಪ ಹಿಡಿದ ಹೆಣ್ಣುಮಗಳ ಚಿತ್ರ ಎಲ್ಲರಿಗೂ ಗೊತ್ತು. ರವಿವರ್ಮನದು ಅಂತ ಬಹಳ ಜನ ಇಂದಿಗೂ ಹೇಳುತ್ತಾರೆ. ಅದನ್ನು ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದನಕರ್, ಮತ್ತು ಅದು ಜಲವರ್ಣ. ಈ ಎರಡನೆಯ ಸಂಗತಿ ತಿಳಿದರೆ ನೋಡುವ ಕಣ್ಣೇ ಬದಲಾಗುತ್ತದೆ. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದದ ಬಿಳುಪು. ಅದನ್ನು ಮೊದಲೇ ಉಳಿಸಿಕೊಳ್ಳಬೇಕು, ಕೊನೆಗೆ ಮೇಲೆ ಹಚ್ಚಲಾಗದು. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳ ಸಂದಿಯ ಕೆಂಪು, ಮುಖದ ಮೇಲಿನ ಬೆಳಕು, ಅಲ್ಲಿಂದ ಕತ್ತಲೆಗೆ ಇಳಿಯುವ ಸೀರೆಯ ಮಡಿಕೆ, ಇವನ್ನು ಒಂದೊಂದಾಗಿ ನೋಡಿ. ದೀಪ ಉರಿಯುವಂತೆ ಕಾಣಿಸುವುದು ಸುತ್ತಲಿನ ಕತ್ತಲೆ. ಸಪ್ಪೆ ಚಿತ್ರದಲ್ಲಿ ಇಲ್ಲದಿರುವುದು ಇದೇ ಗಾಢತೆ.

ಅದೇ ಕಟ್ಟಡದಲ್ಲಿ ರವಿವರ್ಮನ ತೈಲವರ್ಣಗಳಿವೆ. ಅಲ್ಲಿ ಆಭರಣದ ಮಿನುಗು ದಪ್ಪ ತಿಳಿಬಣ್ಣವಾಗಿ ಮೇಲೆ ಕೂತಿರುವುದನ್ನು ಪಕ್ಕದಿಂದ ನೋಡಿ ಹೋಲಿಸಿ. ಬೆಂಗಳೂರಿನವರು ಚಿತ್ರಕಾರ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣ ದೃಶ್ಯಗಳನ್ನು ನೋಡಲೇಬೇಕು. ಮಂಜು, ದೂರದ ಬೆಟ್ಟಗಳಲ್ಲಿ ಅಂಚು ಎಲ್ಲಿ ಕರಗುತ್ತದೆ, ಎಲ್ಲಿ ಚೂಪಾಗಿ ನಿಲ್ಲುತ್ತದೆ ಅಂತ ಹುಡುಕಿ. ಹೆಸರಿನ ಚೀಟಿ ಓದುವುದಕ್ಕೆ ಮುಂಚೆ ಚಿತ್ರದ ಮುಂದೆ ಐದು ನಿಮಿಷ ನಿಲ್ಲಿ: ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ, ಯಾಕೆ? ಅಮೂರ್ತ ಚಿತ್ರಕ್ಕೂ ಇದೇ ಪ್ರಶ್ನೆಗಳು ನಡೆಯುತ್ತವೆ. "ಇದರಲ್ಲಿ ಏನಿದೆ?" ಅಂತ ಕೇಳಿದರೆ ಬಾಗಿಲು ಮುಚ್ಚುತ್ತದೆ, ಯಾವ ಬಣ್ಣ ಮುಂದೆ ಬರುತ್ತಿದೆ, ಯಾವುದು ಹಿಂದೆ ಸರಿಯುತ್ತಿದೆ, ಭಾರ ಯಾವ ಕಡೆಗಿದೆ ಅಂತ ಕೇಳಿ. ಇಷ್ಟವಾಗದಿದ್ದರೆ ಆಗಲಿಲ್ಲ ಅನ್ನಿ, ಅದರಲ್ಲಿ ಯಾವ ಅವಮಾನವೂ ಇಲ್ಲ. ಕಾರಣ ಮಾತ್ರ ಚಿತ್ರದೊಳಗಿನಿಂದ ಕೊಡಿ.

ಫೋಟೋ ನೋಡಿ ಬರೆಯಬಹುದೇ? ಬರೆಯಿರಿ. ಆದರೆ ಫೋನಿನ ಕ್ಯಾಮೆರಾ ನೆರಳನ್ನು ಕಪ್ಪು ಮಾಡುತ್ತದೆ, ಆಕಾಶವನ್ನು ಬೆಳ್ಳಗೆ ಮಾಡುತ್ತದೆ, ನಿಜವಾದ ನೆರಳಿನೊಳಗೆ ಇರುವ ಬಣ್ಣ ಅದರಲ್ಲಿ ಸಿಗುವುದಿಲ್ಲ. ವಾರಕ್ಕೊಮ್ಮೆಯಾದರೂ ಕಿಟಕಿಯ ಪಕ್ಕ ಒಂದು ತಂಬಿಗೆ ಇಟ್ಟು ಅದನ್ನೇ ನೋಡಿ ಬರೆಯಿರಿ.

ಫ್ರೇಮ್ ಹಾಕಿಸುವವರಿಗೆ ಒಂದು ಮಾತು. ಜಲವರ್ಣದ ಕಾಗದ ಗಾಜಿಗೆ ತಾಗಬಾರದು, ತೇವ ಕೂತು ಬೂಸು ಹಿಡಿಯುತ್ತದೆ. ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಇಡಲು ಹೇಳಿ. ಸೆಲ್ಲೋಟೇಪು, ಫೆವಿಕಾಲು ಬೇಡ. ಮೇಲಂಚಿನಲ್ಲಷ್ಟೇ ಆಮ್ಲರಹಿತ ಪೇಪರ್ ಟೇಪಿನಿಂದ ತೂಗುಹಾಕಿಸಿ. ಬಿಸಿಲು ಬೀಳುವ ಗೋಡೆ ಬಿಟ್ಟು ಬೇರೆ ಜಾಗ ಹುಡುಕಿ. ಅಲಿಜರಿನ್ ಕ್ರಿಮ್ಸನ್ (ಪಿಆರ್ 83) ಎಂಬ ಕಡುಗೆಂಪು ಬಳಸಿದ್ದರೆ ಅದು ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಮಾಸುತ್ತದೆ. ಪಿವಿ 19 ತೆಗೆದುಕೊಳ್ಳಿ ಅಂದದ್ದು ಆ ಕಾರಣಕ್ಕೂ ಹೌದು.