ವರ ಕೊಡದೆ ಅಸುರನನ್ನು ಕರೆಯಬೇಡಿ

ಕಳೆದ ಭಾನುವಾರ ಸಂಜೆ ಮೈಸೂರಿನ ಸರಸ್ವತೀಪುರಂನ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ, ರಕ್ತಬೀಜಾಸುರ ಗೆದ್ದ. ಆಡುತ್ತಿದ್ದವರು ಕತ್ತಿ ಬಿಸಾಡಿ ಓಡಿ ಪಾರಾದರು. ಸೋತವನು ಆಟ ಕಟ್ಟಿದ ನಾನು.

ಒಂದೂವರೆ ವರ್ಷದಿಂದ ಅಸುರರೊಡನೆ ಕಾದಾಡುವ ಪಾತ್ರಾಭಿನಯದ ಆಟವೊಂದನ್ನು ಕಟ್ಟುತ್ತಿದ್ದೇನೆ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ, ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ತಮ್ಮ ತಮ್ಮ ಪಾತ್ರವಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಅದು ಕೈಗೂಡುತ್ತದೋ ಇಲ್ಲವೋ ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇವಕ್ಕೆಲ್ಲ ತಾಯಿಬೇರು. ಅದರಲ್ಲಿ ನಮ್ಮ ರಾಕ್ಷಸನೂ ಇದ್ದಾನೆ: ಹುಲಿಯ ತಲೆ, ಅಂಗೈ ಹಿಂದುಮುಂದು. ನೋಡಿ ನಕ್ಕಿದ್ದೆ. ನಮ್ಮವರು ಮಾಡುತ್ತಿರುವುದಾದರೂ ಏನು? ಅದೇ ನಿಯಮ ಎತ್ತಿಕೊಂಡು, ಹೆಸರು ಬದಲಿಸಿ, ‘ಬಕಾಸುರ, ಪ್ರಾಣಬಲ 60’ ಎಂದು ಬರೆಯುವುದು. ಅರವತ್ತು ಮುಗಿಯುವ ತನಕ ಹೊಡೆಯುವುದು. ಅದಕ್ಕಿಂತ ಸೌದೆ ಸೀಳಬಹುದು, ಒಲೆಯಾದರೂ ಉರಿಯುತ್ತದೆ.

ಅಸುರನ ಜೀವ ಇರುವುದು ಅವನ ವರದಲ್ಲಿ. ಹಿರಣ್ಯಕಶಿಪುವಿಗೆ ಹಗಲೂ ಸಾವಿಲ್ಲ, ಇರುಳೂ ಸಾವಿಲ್ಲ, ಒಳಗೂ ಇಲ್ಲ, ಹೊರಗೂ ಇಲ್ಲ. ಭಸ್ಮಾಸುರ ಯಾರ ತಲೆ ಮುಟ್ಟಿದರೂ ಬೂದಿ. ಗಂಡಸರಿಂದ ಸಾವಿಲ್ಲವೆಂದು ನಮ್ಮ ಮಹಿಷ ಬೀಗಿದ, ಬೆಟ್ಟದಿಂದ ಚಾಮುಂಡಿ ಬಂದಳು. ಮೊದಲು ಬಿಗಿಯಾದ ನಿಯಮ, ಆಮೇಲೆ ಅದರಲ್ಲೊಂದು ಸಂದು. ಪುರಾಣ ಹೇಳಿದವರಿಗೆ ಆಟ ಕಟ್ಟುವುದು ಚೆನ್ನಾಗಿ ಗೊತ್ತಿತ್ತು.

ನನ್ನ ಆಟದಲ್ಲಿ ಆ ಅಮೆರಿಕದ ಆಟದ ಇಪ್ಪತ್ತು ಮುಖದ ದಾಳವಿಲ್ಲ. ಚೌಕಾಬಾರಕ್ಕೆ ಬಳಸುವಂತೆ ಒಂದು ಬದಿ ತೇಯ್ದು ಬಿಳಿ ಮಾಡಿದ ನಾಲ್ಕು ಹುಣಸೆ ಬೀಜ, ಅಷ್ಟೇ. ಎರಡೂ ಬದಿ ಸಮನಾಗಿ ಬೀಳುವುದಾದರೆ ಸರಾಸರಿ 16 ಎಸೆತಕ್ಕೆ 6 ಸಲ ಎರಡು ಬಿಳಿ. ನಾಲ್ಕೂ ಬಿಳಿಯಾಗುವುದು ಒಂದೇ ಸಲ. ಬೀಜವೆಲ್ಲಿ ಸಮನಾಗಿ ಬೀಳುತ್ತದೆ! ಅತಿಯಾಗಿ ತೇಯ್ದ ನನ್ನದೊಂದು ಬೀಜ ಸದಾ ಬೆನ್ನು ಮೇಲೆ ಮಾಡಿಕೊಂಡೇ ಮಲಗುತ್ತಿತ್ತು. ಇನ್ನೂರು ಸಲ ಎಸೆದು ಬರೆದಿಟ್ಟ ಮೇಲೆ ಕಳ್ಳ ಸಿಕ್ಕಿದ.

ರಕ್ತಬೀಜನಿಗೆ ನಾನು ಮಾಡಿದ ನಿಯಮ ಸರಳ. ಹೊಡೆದಾಗ ಎಷ್ಟು ಬಿಳಿ ಬೀಳುತ್ತದೋ ಅಷ್ಟು ಹನಿ ರಕ್ತ. ಹನಿಗೊಬ್ಬ ಹೊಸ ಅಸುರ. ಅಸುರರ ಲೆಕ್ಕಕ್ಕೆ ಕಡಲೆಬೀಜ ಇಟ್ಟಿದ್ದೆ. ಮೊದಲ ಸುತ್ತು ಮುಗಿಯುವಾಗ ಹತ್ತು, ಎರಡನೆಯದಕ್ಕೆ ಹತ್ತೊಂಬತ್ತು. ಅಕ್ಕನ ಮಗ ಅಷ್ಟರಲ್ಲಿ ನಾಲ್ಕು ಅಸುರರನ್ನು ತಿಂದೂ ಬಿಟ್ಟಿದ್ದ. ಮಂಡ್ಯದಿಂದ ಬಂದಿದ್ದ ನಮ್ಮ ಸೋದರತ್ತೆ, ಜನ ಕಡಿಮೆಯೆಂದು ಕೂರಿಸಿಕೊಂಡವರು, ಬೀಜ ಎಸೆಯದೆ ಕೇಳಿದರು: “ನೆಲಕ್ಕೆ ಬಿದ್ದರೆ ತಾನೆ ಹುಟ್ಟುವುದು? ನಾನು ಹೊಡೆಯುವುದಿಲ್ಲ, ಸೆರಗು ಒಡ್ಡುತ್ತೇನೆ.”

ನಿಯಮದ ಹಾಳೆ ತಿರುವಿದೆ. ಹೊಡೆಯುವುದು, ತಪ್ಪಿಸಿಕೊಳ್ಳುವುದು, ಓಡುವುದು, ಬೇರೇನೂ ಇರಲಿಲ್ಲ.

“ಅದಕ್ಕೆ ನಿಯಮವಿಲ್ಲ ಅತ್ತೆ.”

“ಹಾಗಾದರೆ ಕಾಳಿ ನಾಲಗೆ ಚಾಚಿದ್ದು ಯಾವ ನಿಯಮದಲ್ಲಪ್ಪ?”

ಉತ್ತರ ಇರಲಿಲ್ಲ. ಊರಿಗೆಲ್ಲ ಗೊತ್ತಿರುವ ಪರಿಹಾರಕ್ಕೇ ನನ್ನ ಆಟದಲ್ಲಿ ಬಾಗಿಲಿಟ್ಟಿರಲಿಲ್ಲ. ಅಂದು ರಾತ್ರಿಯೇ ತಿದ್ದಿದೆ: ತನ್ನ ಹೊಡೆತ ಬಿಟ್ಟುಕೊಟ್ಟವರು ಬೀಜ ಎಸೆದು, ಬಿದ್ದ ಬಿಳಿಯಷ್ಟು ಹನಿಗಳನ್ನು ಹಿಡಿಯಬಹುದು.

ಇದಕ್ಕೂ ಮುಂಚೆ ಆರು ಸಲ ಗೆಳೆಯರೊಡನೆ ಆಡಿಸಿದ್ದೆ. ‘ಚೆನ್ನಾಗಿದೆ’ ಎಂದರು, ಕಾಫಿ ಕುಡಿದು ಹೋದರು. ಪರೀಕ್ಷೆಗೆ ಗೆಳೆಯರಷ್ಟು ನಿರುಪಯೋಗಿಗಳು ಇನ್ನಿಲ್ಲ. ನಿಯಮದ ತೂತನ್ನು ನಮ್ಮ ಮುಖ ನೋಡಿ ತಾವೇ ಮುಚ್ಚಿಬಿಡುತ್ತಾರೆ. ಈಗ ಹಾಳೆಯನ್ನು ಪರಿಚಯವಿಲ್ಲದವರ ಕೈಗೆ ಕೊಟ್ಟು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನರಕಯಾತನೆ. ಮೊನ್ನೆ ಮಂಡ್ಯದಲ್ಲಿ ಒಂದು ಗುಂಪು ಬಿಳಿಯ ಬದಲು ಕಪ್ಪು ಎಣಿಸಿಕೊಂಡೇ ಒಂದು ಗಂಟೆ ಆಡಿತು. ತಪ್ಪು ನನ್ನ ವಾಕ್ಯದ್ದು.

ಇನ್ನೊಂದು ಮಾತು. ಆ ಗುಂಪಿನ ಹುಡುಗಿಯೊಬ್ಬಳು “ನಾನು ಮಹಿಷನ ಕಡೆ ಆಡಲೇ?” ಎಂದಳು. ಮಹಿಷನನ್ನು ಅರಸನೆಂದು ಗೌರವಿಸಿ ಮಹಿಷ ದಸರಾ ಆಚರಿಸುವವರು ಇರುವ ಸೀಮೆ ಇದು. ನಂಜನಗೂಡಿನಲ್ಲಿ ಅಂಧಕಾಸುರನ ಚಿತ್ರವನ್ನು ತುಳಿದು ಅಳಿಸುವ ಆಚರಣೆಗೂ ಆಕ್ಷೇಪ ಎದ್ದಿತ್ತು. ಹಾಗಾಗಿ ಪ್ರತಿ ಅಸುರನ ಹಾಳೆಯಲ್ಲೂ ವರದ ಕೆಳಗೆ ‘ಇವನಿಗೆ ಬೇಕಾದದ್ದೇನು’ ಎಂಬ ಸಾಲು ಸೇರಿಸಿದ್ದೇನೆ. ಮಹಿಷನ ಹಾಳೆಯಲ್ಲಿ ಆ ಸಾಲು ಇನ್ನೂ ಖಾಲಿ. ಅವಳಿಗೇ ಬರೆದುಕೊಡು ಎಂದಿದ್ದೇನೆ.

ಬರುವ ಭಾನುವಾರ ಅತ್ತೆಯೆದುರು ಮತ್ತೆ ರಕ್ತಬೀಜ. ಈ ಸಲ ಕಡಲೆಬೀಜ ಎರಡು ಪೊಟ್ಟಣ ತರುತ್ತೇನೆ, ಒಂದು ಅಕ್ಕನ ಮಗನಿಗೆ.