ನಿನ್ನ ಬಗ್ಗೆ ಸ್ವಲ್ಪ ಹೇಳು

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ಸುಮ್ನೆ ಕೂತು ನೋಡಿ. ಗಾಜನೂರು ಬರುವುದರೊಳಗೆ ಪಕ್ಕದವರು ನಿಮ್ಮ ಊರು ಕೇಳಿರುತ್ತಾರೆ. ಸಕ್ರೆಬೈಲಿನ ಆನೆ ಬಿಡಾರ ದಾಟುವಾಗ ನೀವು ಯಾರ ಮನೆಯವರು ಅಂತ ಗೊತ್ತಾಗಿರುತ್ತದೆ. ಮಂಡಗದ್ದೆ ಬರುವಾಗ ನಿಮ್ಮ ಅಜ್ಜಿಯ ತವರಿನ ತೋಟ ಎಷ್ಟು ಎಕರೆ, ಅದು ಪಾಲಾಗಿದ್ದು ಯಾವಾಗ, ಪಾಲಿನಲ್ಲಿ ಯಾರಿಗೆ ಮೋಸ ಆಯಿತು ಎಂಬುದನ್ನೆಲ್ಲ ಅವರೇ ನಿಮಗೆ ಹೇಳುತ್ತಿರುತ್ತಾರೆ. ಇಷ್ಟಾದರೂ ನಿಮ್ಮ ಬಗ್ಗೆ ಒಂದು ಪ್ರಶ್ನೆಯೂ ಬಂದಿರುವುದಿಲ್ಲ. ನಿಮಗೆ ಏನು ಇಷ್ಟ, ಮುಂದೆ ಏನಾಗಬೇಕು ಅಂತಿದ್ದೀರಿ, ಇದನ್ನೆಲ್ಲ ಯಾರೂ ಕೇಳುವುದಿಲ್ಲ. ಕೇಳಿದರೆ ಅವರಿಗೂ ನಾಚಿಕೆ, ನಮಗೂ ನಾಚಿಕೆ.

ಹೀಗೆ ಬೆಳೆದ ಮಕ್ಕಳನ್ನು ಕಾಲೇಜಿನವರು ಒಂದು ಕೋಣೆಗೆ ಕರೆದು, ಮೂರು ಜನ ಎದುರಿಗೆ ಕೂತು, "ನಿನ್ನ ಬಗ್ಗೆ ಸ್ವಲ್ಪ ಹೇಳು" ಅಂದರೆ ಅವು ಏನು ಹೇಳಬೇಕು?

ನಾನು ಪಿಯುಸಿಗೆ ಸೇರುವಾಗಲೂ ಸಂದರ್ಶನ ಇತ್ತು. ಮೂಲ ದಾಖಲೆಗಳು ಮತ್ತು ಪೋಷಕರೊಂದಿಗೆ ಹಾಜರಾಗತಕ್ಕದ್ದು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಪ್ರಿನ್ಸಿಪಾಲರು ನನ್ನ ಮಾರ್ಕ್ಸ್ ಕಾರ್ಡ್ ತಿರುವಿದರು. ಆಮೇಲೆ ಅಪ್ಪಯ್ಯನ ಕಡೆ ತಿರುಗಿ, "ಈ ಸಲ ಫಸಲು ಹ್ಯಾಗೆ?" ಅಂದರು. "ಅಡಿಕೆಗೆ ಕೊಳೆ ರೋಗ ಬಂದು ಅರ್ಧ ಹೋಯ್ತು" ಅಂದರು ಅಪ್ಪಯ್ಯ. ಪ್ರಿನ್ಸಿಪಾಲರು "ಛೆ" ಎಂದು ಸಹಿ ಹಾಕಿದರು. ನನಗೆ ಸೈನ್ಸ್ ಸೀಟು ಸಿಕ್ಕಿತು. ನಾನು ಬಾಯಿ ಬಿಟ್ಟಿದ್ದರೆ ಸಿಗುತ್ತಿತ್ತೋ ಇಲ್ಲವೋ.

1994ರಲ್ಲಿ ಸಿಇಟಿ ಬಂದ ಮೇಲೆ ವೈದ್ಯಕೀಯ, ಇಂಜಿನಿಯರಿಂಗ್ ಕಡೆ ಹೋಗುವವರಿಗೆ ಈ ಮುಖ ನೋಡುವ ಶಾಸ್ತ್ರವೇ ಬೇಡವಾಯಿತು. ರ‍್ಯಾಂಕು ಮಾತಾಡುತ್ತದೆ, ನಾವು ಸುಮ್ಮನೆ ನಿಂತರೆ ಸಾಕು. ಪರೀಕ್ಷೆಯನ್ನು ಬೈಯುವವರು ಬಹಳ ಜನ ಇದ್ದಾರೆ. ನನಗೇನೋ ಮಾತು ಕಡಿಮೆ ಇರುವವರಿಗೆ ಅದು ಮಾಡಿದ ಉಪಕಾರ ದೊಡ್ಡದು ಅನಿಸುತ್ತದೆ. ಸಂದರ್ಶನ ಉಳಿದಿರುವುದು ಕೆಲವೇ ಕಡೆ. ಐಐಎಂಗಳಲ್ಲಿದೆ, ಬೆಂಗಳೂರಿನ ಕೆಲವು ಖಾಸಗಿ ವಿಶ್ವವಿದ್ಯಾಲಯಗಳಲ್ಲಿದೆ. ನಮ್ಮ ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 1980ರಲ್ಲಿ ಶುರುವಾದ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೂ ಹುಡುಗ ಹುಡುಗಿಯರು ದೂರದೂರದಿಂದ ಸಂದರ್ಶನಕ್ಕೆ ಬರುತ್ತಾರೆ. ನಾಟಕಕ್ಕಾದರೆ ಸರಿ. ಸ್ಟೇಜ್ ಮೇಲೆ ನಿಲ್ಲಬೇಕಾದವರು ಮೂರು ಜನರೆದುರು ನಿಲ್ಲಲೇಬೇಕು. ಆದರೆ ರಸಾಯನಶಾಸ್ತ್ರ ಓದುವವರಿಗೆ ಯಾಕೆ?

ಈ ಪ್ರಶ್ನೆ ನನಗೆ ಬಂದದ್ದು ತಂಗಿಯ ಮಗಳಿಂದ. ತೀರ್ಥಹಳ್ಳಿಯಿಂದ ಒಳಗೆ ಅವರ ಮನೆ. ಹುಡುಗಿಗೆ ಆಸೆ ದೊಡ್ಡದು. ಇಂಜಿನಿಯರಿಂಗ್ ಬೇಡ, ವಿಜ್ಞಾನ ಓದಿ ಸಂಶೋಧನೆ ಮಾಡ್ತೀನಿ ಅಂತ ಹಟ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಲಿಖಿತ ಪರೀಕ್ಷೆ ಪಾಸಾದಳು. ಮೇ ಕೊನೆಗೆ ಸಂದರ್ಶನ ಅಂತ ಮೇಲ್ ಬಂತು. ಅಲ್ಲಿಗೆ ಮನೆಯವರೆಲ್ಲ ಮೇಷ್ಟ್ರಾದರು.

ಮುಖ್ಯ ಮೇಷ್ಟ್ರು ಅವಳ ದೊಡ್ಡಪ್ಪ. ಬ್ಯಾಂಕಿನಿಂದ ನಿವೃತ್ತರು. ಪ್ರಮೋಷನ್ ಸಂದರ್ಶನಗಳಲ್ಲಿ ಮೇಜಿನ ಎರಡೂ ಕಡೆ ಕೂತವರು. ಜಗಲಿಯಲ್ಲಿ ಕುರ್ಚಿ ಹಾಕಿಸಿ, ಅವಳನ್ನು ಅಂಗಳದಿಂದ ಒಳಗೆ ಬರಲು ಹೇಳಿ, ಬಂದ ರೀತಿ ಸರಿಯಿಲ್ಲ ಅಂತ ಮತ್ತೆ ಅಂಗಳಕ್ಕೆ ಕಳಿಸುತ್ತಿದ್ದರು. ಮೊದಲ ತಕರಾರು ಅವಳು ತನ್ನನ್ನು ಹೊಗಳಿಕೊಳ್ಳುವುದಿಲ್ಲ ಎಂಬುದು. ಹೇಗೆ ಹೊಗಳಿಕೊಂಡಾಳು? ನಮ್ಮಲ್ಲಿ ಮರ ಬಗ್ಗುವ ಹಾಗೆ ಫಸಲು ಬಂದರೂ "ಏನೋ ಇದೆ" ಅನ್ನಬೇಕು. ಮಗಳು ಜಿಲ್ಲೆಗೆ ಮೊದಲು ಬಂದರೂ "ಪಾಸಾಯ್ತು" ಅನ್ನಬೇಕು. ಜಾಸ್ತಿ ಹೇಳಿದರೆ ಕಣ್ಣು ತಾಗುತ್ತದೆ, ಇಲ್ಲವೇ ಯಾರಾದರೂ ಸಾಲ ಕೇಳುತ್ತಾರೆ. ಇದನ್ನು ಹದಿನೆಂಟು ವರ್ಷ ಕಲಿಸಿದವರೇ ಈಗ ಉಲ್ಟಾ ಕಲಿಸಲು ಕೂತಿದ್ದರು.

"ನಿನ್ನಲ್ಲಿರುವ ಕೊರತೆ ಏನು?" ದೊಡ್ಡಪ್ಪ ಕನ್ನಡಕ ಇಳಿಸಿ ಕೇಳಿದರು.

"ನಾನು ಒಂದು ಕೆಲಸ ಹಿಡಿದರೆ ಹಗಲು ರಾತ್ರಿ ನೋಡದೆ ದುಡಿಯುತ್ತೇನೆ." ಮೊಬೈಲಿನಲ್ಲಿ ನೋಡಿ ಕಲಿತ ಉತ್ತರ.

ಒಳಗಿನಿಂದ ಅಜ್ಜಿಯ ದನಿ ಬಂತು. "ಎಂಟು ಗಂಟೆ ಆದ್ರೂ ಏಳೂದಿಲ್ಲ ಅನ್ನೂದನ್ನೂ ಹೇಳೇ."

ಆ ಉತ್ತರವನ್ನು ದೊಡ್ಡಪ್ಪ ಕೈಬಿಟ್ಟರು. ಬೆಂಗಳೂರಿನ ಚಿಕ್ಕಪ್ಪ ಫೋನಿನಲ್ಲಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು ಅಂದರು. ಅಮ್ಮ, ಹಿರಿಯರ ಎದುರು ಹಾಗೆ ದುರುಗುಟ್ಟಿ ನೋಡಬಾರದು ಅಂದಳು. ನನ್ನನ್ನೂ ಕೇಳಿದರು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು ಅಂದೆ. ಅದೂ ಒಂದು ಸಲಹೆಯಾ ಅನ್ನುವ ಹಾಗೆ ದೊಡ್ಡಪ್ಪ ನನ್ನನ್ನು ನೋಡಿದರು.

ಇಷ್ಟರ ಮಧ್ಯೆ ತೋಟದಲ್ಲಿ ಔಷಧಿ ಹೊಡೆಯುವ ಕೆಲಸ ನಡೆದಿತ್ತು. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯದಿದ್ದರೆ ಅಡಿಕೆಗೆ ಕೊಳೆ ಗ್ಯಾರಂಟಿ. ಮರ ಹತ್ತುವವರು ಸಿಗುವುದಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಹೊಡೆಯುತ್ತಾರೆ, ಆದರೂ ಕಲಸಿಕೊಡಲು ಒಬ್ಬರು ಬೇಕು. ಸಂದರ್ಶನದ ಹಿಂದಿನ ದಿನ ಮಧ್ಯಾಹ್ನದವರೆಗೂ ಹುಡುಗಿ ಬೋರ್ಡೋ ಎಂಬ ಆ ಔಷಧಿಗೆ ಮೈಲುತುತ್ತು, ಅಂದರೆ ತಾಮ್ರದ ನೀಲಿ ಉಪ್ಪು, ಕರಗಿಸುತ್ತಿದ್ದಳು. ರಾತ್ರಿ ಬಸ್ಸು ಹತ್ತುವಾಗ ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತಂತೆ.

ಒಳಗೆ ಹೋದವಳು, ಬಾಯಿಪಾಠ ಮಾಡಿದ್ದನ್ನು ಶುರು ಮಾಡಿದಳು. ಚಿಕ್ಕಂದಿನಿಂದಲೂ ನನಗೆ ವಿಜ್ಞಾನವೆಂದರೆ, ಅನ್ನುವಷ್ಟರಲ್ಲಿ ಎದುರಿಗಿದ್ದ ಮೂವರಲ್ಲಿ ಒಬ್ಬರು ಮೇಡಂ, "ಅದಿರಲಿ, ಕೈಗೇನಾಯ್ತು?" ಅಂದರು. ಹೇಳಿದಳು. ಬೋರ್ಡೋ ಹೇಗೆ ಮಾಡ್ತೀರಿ? ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ಸುಣ್ಣವನ್ನು ತುತ್ತಕ್ಕೆ ಹಾಕಬಾರದು. ಹದ ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ? ಕತ್ತಿ ಅದ್ದಿ ನೋಡ್ತೀವಿ, ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ಆ ಕೆಂಪು ಏನು? ತಾಮ್ರ. ಕಬ್ಬಿಣ ಅದನ್ನು ದ್ರಾವಣದಿಂದ ಹೊರಗೆ ಹಾಕುತ್ತದೆ, ಹತ್ತನೇ ಕ್ಲಾಸಿನಲ್ಲಿ ಮೊಳೆ ಅದ್ದಿ ತೋರಿಸಿದ್ದರು. ಹಾಗಾದರೆ ಸುಣ್ಣ ಸಾಕಾದ ಮೇಲೆ ಯಾಕೆ ಹತ್ತುವುದಿಲ್ಲ? ಇಲ್ಲಿ ಹುಡುಗಿ ನಿಂತಳು. ವರ್ಷವರ್ಷವೂ ಕತ್ತಿ ಅದ್ದಿದವಳು, ಇದನ್ನು ಯೋಚನೆಯೇ ಮಾಡಿರಲಿಲ್ಲ. ಯೋಚಿಸಿ, ತಾಮ್ರ ಆಗ ನೀರಿನಲ್ಲಿ ಕರಗಿರುವುದಿಲ್ಲ, ಸುಣ್ಣದ ಜೊತೆ ಸೇರಿ ಬೇರೆ ಏನೋ ಆಗಿರುತ್ತದೆ ಅಂದಳು. ಸರಿ, ತಾಮ್ರ ಕೊಳೆಯನ್ನು ಹೇಗೆ ಕೊಲ್ಲುತ್ತದೆ? ಗೊತ್ತಿಲ್ಲ.

ಆಮೇಲೆ ಅವರೇ ಮಾತಿಗೆ ಬಿದ್ದರಂತೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿ ಪಕ್ಕದ ದ್ರಾಕ್ಷಿ ಕದಿಯುತ್ತಾರೆ ಅಂತ ರೈತರು ತುತ್ತ, ಸುಣ್ಣ ಎರಚುತ್ತಿದ್ದರು. ನೀಲಿ ನೋಡಿ ವಿಷ ಅಂತ ಕಳ್ಳರು ಬಿಡಲಿ ಎಂದು. ಆ ಬಳ್ಳಿಗಳಿಗೆ ಮಾತ್ರ ರೋಗ ಕಡಿಮೆ ಇದ್ದದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಪ್ರಕಟಿಸಿದ. ಮಲೆನಾಡಿನ ಕೊಳೆಯನ್ನು ಆಳವಾಗಿ ಅಭ್ಯಾಸ ಮಾಡಿದವನು ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. 1910ರಲ್ಲಿ ಅದರ ಬಗ್ಗೆ ಬರೆದ. ಅದಕ್ಕೆ ಮೊದಲು ನಮ್ಮವರು ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿ ದೇವರ ಮೇಲೆ ಭಾರ ಹಾಕುತ್ತಿದ್ದರು. ಕೋಲ್ಮನ್ನನ ವಿಷಯ ಆ ಮೂವರು ಹೇಳಿದ್ದಲ್ಲ, ನಾನು ಸೇರಿಸಿದ್ದು. ನನ್ನನ್ನು ಯಾರೂ ಸಂದರ್ಶನಕ್ಕೆ ಕರೆಯುವುದಿಲ್ಲವಲ್ಲ, ಇಲ್ಲೇ ಹೇಳಿಬಿಡುತ್ತೇನೆ.

ಊರಿಗೆ ಬಂದವಳನ್ನು ಜಗಲಿಯಲ್ಲಿ ಕೂರಿಸಿ ನಿಜವಾದ ಸಂದರ್ಶನ ಮಾಡಿದರು. ಎಂತ ಕೇಳಿದ್ರು? ಔಷಧಿ ಹೊಡೆಯೂದು. ಮತ್ತೆಂತ? ದ್ರಾಕ್ಷಿ ಕಳ್ಳರ ಕತೆ ಹೇಳಿದ್ರು.

"ಅವರೇ ಮಾತಾಡೂದಾದ್ರೆ ನಿನ್ನನ್ನ ಎಂತಕ್ಕೆ ಕರೆದ್ರು ಮಾರಾಯ್ತಿ?" ದೊಡ್ಡಪ್ಪನಿಗೆ ನಿಜಕ್ಕೂ ಬೇಜಾರಾಗಿತ್ತು. ಕೊರತೆಯ ಬಗ್ಗೆ ಕೇಳಲೇ ಇಲ್ಲವಾ? ಹತ್ತು ವರ್ಷದ ನಂತರ ಎಲ್ಲಿರ್ತೀಯಾ ಅಂತಲೂ ಕೇಳಲಿಲ್ಲವಾ? ಅಷ್ಟು ಚಂದದ ಉತ್ತರ ಹಾಳಾಯಿತಲ್ಲ.

ಸೀಟು ಎರಡನೇ ಪಟ್ಟಿಯಲ್ಲಿ ಸಿಕ್ಕಿತು. ಕೇಳಿದವರಿಗೆ ತಂಗಿ "ಏನೋ ಆಯ್ತು" ಅನ್ನುತ್ತಾಳೆ. ಈಗ ದೊಡ್ಡಪ್ಪನಿಗೆ ಸುತ್ತಮುತ್ತ ಒಳ್ಳೆಯ ಹೆಸರು ಬಂದಿದೆ. ಪಕ್ಕದ ಮನೆಯ ಹುಡುಗನಿಗೆ ಬಿಕಾಂಗೆ ಎಲ್ಲೋ ಸಂದರ್ಶನವಂತೆ. ಅವನನ್ನು ಜಗಲಿಯಲ್ಲಿ ಕೂರಿಸಿಕೊಂಡು, ನೂರು ಲೀಟರಿಗೆ ತುತ್ತ ಎಷ್ಟು, ಸುಣ್ಣ ಎಷ್ಟು ಅಂತ ಬಾಯಿಪಾಠ ಮಾಡಿಸುತ್ತಿದ್ದಾರೆ.