ಬೆಣೆ ದೋಸೆ

ದೋಸೆಯನ್ನು ಬೆಣ್ಣೆಯಲ್ಲೇ ಬೇಯಿಸಿ, ಸಾಲದೆಂದು ಮೇಲೊಂದು ಬೆಣ್ಣೆ ಮುದ್ದೆ ಇಟ್ಟು ಕೊಡುವ ಊರು ದಾವಣಗೆರೆ. ಇಲ್ಲಿ ಕುಳಿತು, ಬೇಕಾದ್ದಕ್ಕಿಂತ ಒಂದು ಗೆರೆಯೂ ಹೆಚ್ಚಿಲ್ಲದ ವೆಬ್‌ಸೈಟ್ ಮಾಡುತ್ತೇನೆಂದು ಹೊರಡುವುದು ಊರಿನ ಜಾಯಮಾನಕ್ಕೇ ವಿರುದ್ಧ. ಆದರೂ ಹೊರಟೆ. ಹೆಸರು, ಊರು, ನಾಲ್ಕಾರು ಬರಹ, ಅಷ್ಟೇ. ಓಡಾಡುವ ಚಿತ್ರಗಳಿಲ್ಲ, ಓದುವಾಗ ಅಡ್ಡ ಬಂದು ನಿಲ್ಲುವ ಪೆಟ್ಟಿಗೆಗಳಿಲ್ಲ. ಒಂದು ಭಾನುವಾರದ ಬೆಳಿಗ್ಗೆ ಮುಗಿಯಬೇಕಾದ ಕೆಲಸ. ಮುಗಿಯಲೂ ಮುಗಿಯಿತು. ತೊಂದರೆ ಶುರುವಾದದ್ದು ಆಮೇಲೆ.

ತುಂಬಿದ ಪುಟದಲ್ಲಿ ಸಣ್ಣಪುಟ್ಟ ದೋಷಗಳು ಎಲ್ಲೋ ಮೂಲೆಯಲ್ಲಿ ಅವಿತುಕೊಂಡು ಜೀವನ ಸಾಗಿಸುತ್ತವೆ. ಖಾಲಿ ಪುಟದಲ್ಲಿ ಅವಕ್ಕೆ ಅವಿತುಕೊಳ್ಳಲು ಜಾಗವಿಲ್ಲ. ಇರುವುದೇ ಬಿಳಿ ಮತ್ತು ಕಪ್ಪು ಎಂದಾದಾಗ, ಯಾವ ಬಿಳಿ ಎಂಬ ಪ್ರಶ್ನೆ ಏಳುತ್ತದೆ. ಪರದೆಯ ಬಣ್ಣವೆಂದರೆ ಕೆಂಪು, ಹಸಿರು, ನೀಲಿಗಳ ಬೆರಕೆ. ಒಂದೊಂದಕ್ಕೂ 256 ಮಟ್ಟಗಳು. ಗುಣಿಸಿದರೆ ಒಟ್ಟು 1,67,77,216 ಬಣ್ಣಗಳು. ಅಷ್ಟರಲ್ಲಿ ಬಿಳಿಯ ಕೇರಿಯೊಂದನ್ನು ಬಿಟ್ಟು ನಾನು ಬೇರೆಲ್ಲಿಗೂ ಹೋಗಲಿಲ್ಲ. ಅಚ್ಚ ಬಿಳಿ ಕಣ್ಣಿಗೆ ಚುಚ್ಚುತ್ತದೆಂದು ಹಾಲಿನ ಕಡೆಗೆ ಸರಿದೆ, ಹಾಲು ಹಳದಿಯಾಯಿತೆಂದು ಬೂದಿಯ ಕಡೆಗೆ ಬಂದೆ, ಬೂದಿ ತೀರಾ ಸೂತಕದ ಕಳೆ ತಂದಿತೆಂದು ಮತ್ತೆ ಹಿಂದಕ್ಕೆ ಸರಿದೆ. ಕೊನೆಗೆ ಎರಡು ಬಿಳಿಗಳನ್ನು ಅಕ್ಕಪಕ್ಕ ಇಟ್ಟು ಹೆಂಡತಿಯನ್ನು ಕರೆದು ಯಾವುದು ಚೆನ್ನ ಎಂದು ಕೇಳಿದೆ.

“ಯಾವ ಎರಡು?” ಎಂದಳು. ನಾನು ಬೆರಳಿಟ್ಟು ತೋರಿಸಿದೆ. ಪರದೆಯನ್ನು ಸೆರಗಿನಿಂದ ಒರೆಸಿ ಮತ್ತೊಮ್ಮೆ ನೋಡಿದಳು. “ಮನೆಗೆ ಬಣ್ಣ ಹೊಡೆಯಲು ಬಂದವನು ಶೇಡ್ ಕಾರ್ಡ್ ಹಿಡಿದು ನಿಂತಿದ್ದರೆ, ಯಾವುದಾದರೂ ಹೊಡೆಯಪ್ಪ ಎಂದು ಕಚೇರಿಗೆ ಹೋದವರು ನೀವೇ ಅಲ್ಲವೇನ್ರೀ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಬಣ್ಣದ ಮಾತು ಹಾಗಿರಲಿ. ನಿಜವಾದ ಜಗಳ ಇರುವುದು ಅಕ್ಷರಗಳೊಂದಿಗೆ. ಸರಳ ವಿನ್ಯಾಸದ ನಿಯಮಗಳೆಂದು ಓದಲು ಸಿಗುವುದೆಲ್ಲ ಬಹುತೇಕ ಇಂಗ್ಲಿಷ್ ಅಕ್ಷರಗಳನ್ನು ನೋಡಿ ಬರೆದವು. ಆ ಅಕ್ಷರಗಳು ಒಂದೇ ಗೆರೆಯ ಮೇಲೆ ಶಿಸ್ತಾಗಿ ನಿಲ್ಲುತ್ತವೆ. ನಮ್ಮವು ಹಾಗಲ್ಲ, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು, ಒತ್ತಿಗೂ ಒಂದು ಒತ್ತು. ‘ರಾಷ್ಟ್ರ’ದ ‘ಷ್ಟ್ರ’ವನ್ನೇ ನೋಡಿ. ಕಣ್ಣಿಗೆ ಅದು ಒಂದು ಅಕ್ಷರ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಷ, ವಿರಾಮ, ಟ, ಮತ್ತೆ ವಿರಾಮ, ರ ಎಂದು ಐದು ಸಂಕೇತಗಳು. ಆ ಸಂಕೇತಗಳನ್ನು ಯುಟಿಎಫ್-8 ಎಂಬ ವಿಧಾನದಲ್ಲಿ ಉಳಿಸಿದರೆ ಒಂದಕ್ಕೆ ಮೂರರಂತೆ ಹದಿನೈದು ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು. ಕನಿಷ್ಠದಲ್ಲಿ ಬದುಕು ಎಂದು ಕನ್ನಡಕ್ಕೆ ಹೇಳುವುದೇ ತಪ್ಪೇನೋ.

ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟು ಇದ್ದರೆ ಸಾಕೆಂಬ ಸಲಹೆಯನ್ನು ಪಾಲಿಸಿದೆ. ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳ ನೆತ್ತಿಯ ಮೇಲೆ ಬಂದು ಕುಳಿತವು. ಇಂಗ್ಲಿಷ್ ಪುಟಗಳಲ್ಲಿ ತಲೆಬರಹವನ್ನು ದೊಡ್ಡಕ್ಷರಕ್ಕೆ ತಿರುಗಿಸುತ್ತಾರಲ್ಲ, ಆ ಆಜ್ಞೆಯನ್ನೂ ಕೊಟ್ಟೆ. ಏನೂ ಆಗಲಿಲ್ಲ. ಕನ್ನಡಕ್ಕೆ ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲವೆಂಬುದು ಒಂದನೆಯ ತರಗತಿಯಿಂದಲೂ ಗೊತ್ತಿತ್ತು. ಆದರೂ ಬ್ರೌಸರ್ ಹಳೆಯ ಪ್ರತಿಯನ್ನೇ ತೋರಿಸುತ್ತಿದೆಯೆಂದು ಅದರ ಮೇಲೆ ಗೂಬೆ ಕೂರಿಸಿ, ಅದು ಕೂಡಿಟ್ಟದ್ದನ್ನೆಲ್ಲ ಅಳಿಸಿಹಾಕಿದೆ. ಅದರೊಂದಿಗೆ ವಿದ್ಯುತ್ ಬಿಲ್ ಕಟ್ಟುವ ತಾಣದಿಂದ ಹಿಡಿದು ಎಲ್ಲ ಕಡೆಯಿಂದಲೂ ನನ್ನನ್ನು ಹೊರಗೆ ಹಾಕಲಾಯಿತು. ಆ ಸಂಜೆ ಪಾಸ್‌ವರ್ಡ್‌ಗಳನ್ನು ನೆನಪಿಸಿಕೊಳ್ಳುವುದರಲ್ಲಿ ಕಳೆಯಿತು.

ಇದಕ್ಕೆಲ್ಲ ಕಳಶವಿಟ್ಟದ್ದು ತಲೆಬರಹದ ಚೌಕಟ್ಟು. ಅಚ್ಚುಕಟ್ಟಾಗಿ ಕಾಣಲೆಂದು ಅದರ ಎತ್ತರವನ್ನು ಅಕ್ಷರದ ಎತ್ತರಕ್ಕೆ ಬಿಗಿ ಮಾಡಿ, ಹೊರಗೆ ಚಾಚಿದ್ದನ್ನು ಮರೆಮಾಡು ಎಂದು ಬರೆದೆ. ಬ್ರೌಸರ್ ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡಿತು, ಒತ್ತುಗಳನ್ನೆಲ್ಲ ಕತ್ತರಿಸಿ ಬಿಸಾಡಿತು. ‘ನನ್ನ ಬಗ್ಗೆ’ ಎಂಬುದು ‘ನನ ಬಗೆ’ ಆಯಿತು. ಅದಕ್ಕೊಂದು ಕಾವ್ಯದ ಕಳೆ ಬಂದಿದ್ದರಿಂದ ಹಾಗೇ ಬಿಟ್ಟುಬಿಡೋಣವೇ ಎಂದು ಕ್ಷಣ ಯೋಚಿಸಿದ್ದೂ ಉಂಟು. ಆದರೆ ‘ನಮ್ಮೂರಿನ ಬೆಣ್ಣೆ ದೋಸೆ’ ಎಂಬ ಬರಹ ‘ನಮೂರಿನ ಬೆಣೆ ದೋಸೆ’ ಆಗಿ ಊರವರ ಕಣ್ಣಿಗೆ ಬಿತ್ತು. ಕಟ್ಟಿಗೆ ಸೀಳುವ ಬೆಣೆಯನ್ನು ಯಾವ ಹೋಟೆಲಿನಲ್ಲಿ ಹಾಕುತ್ತಾರೆ, ಅರಗಲು ಎಷ್ಟು ಹೊತ್ತು ಬೇಕು ಎಂದು ಕಚೇರಿಯ ಗೆಳೆಯರೊಬ್ಬರು ಬಹಳ ಗಂಭೀರವಾಗಿ ವಿಚಾರಿಸಿದರು.

ಇಂಥ ಹೊತ್ತಿನಲ್ಲಿ ಸೋದರಮಾವ ಮನೆಗೆ ಬಂದರು. ಮಂಡಿಪೇಟೆಯ ಕಡೆಯ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಾ ಆಯುಷ್ಯ ಸವೆಸಿದವರು. ಅರ್ಧ ಜಿಲ್ಲೆಯ ಲಗ್ನಪತ್ರಿಕೆಗಳು ತಮ್ಮ ಕೈಯಿಂದಲೇ ದಾಟಿವೆ ಎನ್ನುವುದು ಅವರ ಹೆಮ್ಮೆ. ಕನ್ನಡಕ ಏರಿಸಿ ಪುಟವನ್ನು ಮೇಲಿನಿಂದ ಕೆಳಗೆ ನೋಡಿದರು.

“ಉಳಿದದ್ದು ಎಲ್ಲಿ?”

“ಇಷ್ಟೇ ಮಾವ.”

“ಇಷ್ಟು ಜಾಗ ಖಾಲಿ ಬಿಟ್ಟಿದ್ದೀಯಲ್ಲ, ಜಾಹೀರಾತು ಬರುವುದಿದೆಯೇ?”

ಇಲ್ಲವೆಂದೆ. ಹಾಗಾದರೆ ಮೇಲೊಂದು ಗಣಪತಿ, ಸುತ್ತ ಹೂಬಳ್ಳಿಯ ಅಂಚು, ಕೆಳಗೆ ‘ತಮ್ಮ ಸುಖಾಗಮನ ಬಯಸುವ’ ಎಂದು ಹಾಕಿದರೆ ಲಕ್ಷಣವಾಗುತ್ತದೆ ಎಂದರು. ಮಾವನ ಅಭಿರುಚಿಯ ಬಗ್ಗೆ ನಾನು ಮನಸ್ಸಿನಲ್ಲೇ ಒಂದು ತೀರ್ಪು ಕೊಟ್ಟುಕೊಳ್ಳುವಷ್ಟರಲ್ಲಿ, ಸಾಲುಗಳ ನಡುವೆ ಬೆರಳಿಟ್ಟು, “ಇಲ್ಲಿ ಲೆಡ್ ಹಾಕಿಲ್ಲ ನೀನು. ಒತ್ತು ಇರುವ ಭಾಷೆಗೆ ಲೆಡ್ ಹಾಕದೆ ಜೋಡಿಸಿದರೆ ನಮ್ಮ ಮಾಲೀಕರು ಸಂಬಳ ಹಿಡಿಯುತ್ತಿದ್ದರು” ಎಂದರು. ಸಾಲಿನಿಂದ ಸಾಲಿಗೆ ಅಂತರ ಬರಲೆಂದು ಇಡುತ್ತಿದ್ದ ಸೀಸದ ಪಟ್ಟಿಯದು. ಒಂದೂವರೆ ಇದ್ದದ್ದನ್ನು 1.8ಕ್ಕೆ ಏರಿಸಿದೆ. ಅಕ್ಷರಗಳು ಒಂದರ ತಲೆಯಿಂದ ಒಂದು ಇಳಿದು ತಂತಮ್ಮ ಜಾಗಕ್ಕೆ ಹೋದವು. ಮಾವ ಚಹಾ ಕುಡಿದು ಹೊರಟರು, ಗಣಪತಿಯ ವಿಚಾರವನ್ನು ಇನ್ನೊಮ್ಮೆ ಜ್ಞಾಪಿಸಿ.

ಅವರು ಹೋದ ಮೇಲೆ ಜಗತ್ತಿನ ಮೊದಲ ವೆಬ್‌ಸೈಟನ್ನು ತೆಗೆದು ನೋಡಿದೆ. ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ್ದು, 1991ರಲ್ಲಿ ಹೊರಗಿನವರಿಗೂ ತೆರೆದದ್ದು. 2013ರಲ್ಲಿ ಅದನ್ನು ಹಳೆಯ ವಿಳಾಸದಲ್ಲೇ ಮತ್ತೆ ನೋಡಲು ಸಿಗುವಂತೆ ಮಾಡಿದ್ದಾರೆ. ಒಂದು ಶೀರ್ಷಿಕೆ, ಒಂದಷ್ಟು ಸಾಲು, ಕೊಂಡಿಗಳು. ಬಣ್ಣದ ಗೊಡವೆಯಿಲ್ಲ, ಚೌಕಟ್ಟಿನ ಹಂಗಿಲ್ಲ. ಅವರಿಗೆ ಬೇರೆ ಕೆಲಸವಿತ್ತು, ಅದಕ್ಕೇ ಪುಟ ಸರಳವಾಗಿದೆ. ಬಣ್ಣ, ಅಳತೆಗಳನ್ನೆಲ್ಲ ಬರೆದಿಟ್ಟಿದ್ದ ನನ್ನ ಶೈಲಿಯ ಕಡತವನ್ನೂ ಪೂರ್ತಿ ಅಳಿಸಿ ನೋಡಿದೆ. ಬ್ರೌಸರ್ ತಾನಾಗಿ ಕೊಡುವ ಎಂಟು ಪಿಕ್ಸೆಲ್ ಅಂಚಿನೊಂದಿಗೆ ಪುಟ ಬೋಳಾಗಿ, ಚೆನ್ನಾಗಿ ನಿಂತಿತ್ತು. ಎಂಟು ತುಸು ಇಕ್ಕಟ್ಟು, ಹನ್ನೆರಡಿದ್ದರೆ ಸರಿ ಎನಿಸಿತು. ಹನ್ನೆರಡು ಮಾಡಿದ ಮೇಲೆ ಬಿಳಿ ಮತ್ತೆ ಕಣ್ಣಿಗೆ ಚುಚ್ಚತೊಡಗಿತು.

ಈ ಗದ್ದಲದಲ್ಲಿ ಬರಹಗಳು ನಾಲ್ಕಾರರಲ್ಲೇ ನಿಂತಿವೆ. ಐದನೆಯದಿದೆಯೋ ಆರನೆಯದಿದೆಯೋ ಎಂದು ಎಣಿಸಲು ಹೋಗುವುದಿಲ್ಲ.

ಮೊನ್ನೆ ಮಾವನ ಮೊಮ್ಮಗಳ ಮದುವೆ ನಿಶ್ಚಯವಾಯಿತು. ಈಗಿನ ಹುಡುಗರು ಲಗ್ನಪತ್ರಿಕೆಯನ್ನೂ ಮೊಬೈಲಿನಲ್ಲೇ ನೋಡುತ್ತಾರಂತೆ, ನಿನಗೆ ಬರುತ್ತದಲ್ಲ, ಒಂದು ಮಾಡಿಕೊಡಪ್ಪ ಎಂದರು. ಮೇಲೆ ಗಣಪತಿ, ಸುತ್ತ ಹೂಬಳ್ಳಿ, ಕುಂಕುಮದ ಬಣ್ಣದ ನೆಲದ ಮೇಲೆ ಚಿನ್ನದ ಅಕ್ಷರ, ಎರಡು ನವಿಲು, ಕಲ್ಯಾಣಮಂಟಪದ ದಾರಿ, ಬಂಧುಗಳ ಹೆಸರಿನ ದೊಡ್ಡ ಪಟ್ಟಿ. ರಾತ್ರಿ ಊಟಕ್ಕೆ ಮೊದಲೇ ಮುಗಿಯಿತು. ಒಂದು ಅಂಕಿಯನ್ನೂ ತಿದ್ದಬೇಕೆನಿಸಲಿಲ್ಲ. ಹೆಂಡತಿ ತಾನಾಗಿಯೇ ಬಂದು ನೋಡಿ, ಇದು ವೆಬ್‌ಸೈಟ್ ಎಂದಳು. ಮಾವ ಕನ್ನಡಕ ಏರಿಸಿ ಬಹಳ ಹೊತ್ತು ಪರೀಕ್ಷಿಸಿ ಒಂದೇ ಒಂದು ಕೊರತೆ ಕಂಡುಹಿಡಿದರು. ಕೆಳಗೆ ಎಡಮೂಲೆಯಲ್ಲಿ ಹೆಬ್ಬೆರಳಿನಷ್ಟು ಜಾಗ ಖಾಲಿ ಉಳಿದಿತ್ತು. ಅಲ್ಲೊಂದು ಬಾಳೆಕಂದು ಹಾಕು ಎಂದರು. ಬಲಕ್ಕೂ ಒಂದು ಹಾಕಿದೆ, ಇಲ್ಲದಿದ್ದರೆ ವಿನ್ಯಾಸದ ಸಮತೂಕ ತಪ್ಪುತ್ತಿತ್ತು.